ನೀರು ನುಗ್ಗಿಸಿದ ಮೇಲೂ ಕಲ್ಲಿನಲ್ಲಿ ಉಳಿಯುವ ತೈಲವನ್ನು ಸರ್ಫ್ಯಾಕ್ಟೆಂಟ್ ಹೇಗೆ ಬಿಡಿಸುತ್ತದೆ?

ಪ್ರಶ್ನೆ: ರಸಾಯನಶಾಸ್ತ್ರ ವಿದ್ಯಾರ್ಥಿನಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಓದುತ್ತಿದ್ದು, ವಿಭಾಗದ ವಿಚಾರಗೋಷ್ಠಿಗೆ ಈ ವಿಷಯವನ್ನು ಆರಿಸಿಕೊಂಡಿದ್ದೇನೆ. ಬಾವಿಯ ಸಹಜ ಒತ್ತಡ ಕುಗ್ಗಿದ ನಂತರ ನೀರನ್ನು ಒಳಗೆ ನುಗ್ಗಿಸಿ ತೈಲವನ್ನು ತಳ್ಳಿದರೂ, ಬಹುಪಾಲು ಕ್ಷೇತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ತೈಲ ಕಲ್ಲಿನೊಳಗೇ ಉಳಿದುಬಿಡುತ್ತದೆ. ತೈಲ ಮತ್ತು ನೀರಿನ ನಡುವಿನ ಮೇಲ್ಮೈ ಎಳೆತ ಸಾಮಾನ್ಯವಾಗಿ ಮೀಟರಿಗೆ 20ರಿಂದ 30 ಮಿಲಿನ್ಯೂಟನ್ ಇರುತ್ತದೆ, ಅದನ್ನು ಸರ್ಫ್ಯಾಕ್ಟೆಂಟಿನ, ಅಂದರೆ ಒಂದು ತುದಿ ನೀರಿಗೂ ಇನ್ನೊಂದು ತುದಿ ತೈಲಕ್ಕೂ ಒಗ್ಗುವ ಸಾಬೂನಿನಂತಹ ವಸ್ತುವಿನ, ದ್ರಾವಣದಿಂದ 0.001ರ ಆಸುಪಾಸಿಗೆ ಇಳಿಸಬೇಕೆಂದು ಓದಿದೆ. ಇಷ್ಟೊಂದು ಇಳಿಸುವ ಅಗತ್ಯವೇನು? ಸಾಧಾರಣ ಮಾರ್ಜಕದಿಂದ 1ಕ್ಕೆ ಇಳಿಸಿದರೆ ಸಾಲದೇ? ಅಲ್ಲದೆ, ಈ ದ್ರಾವಣ ದಾರಿಯಲ್ಲೇ ಕಲ್ಲಿಗೆ ಅಂಟಿಕೊಂಡು ವ್ಯರ್ಥವಾಗುವುದಿಲ್ಲವೇ?

ಉತ್ತರ: ನಿವೃತ್ತ ತೈಲಕ್ಷೇತ್ರ ಎಂಜಿನಿಯರ್, ಗೌರಿಬಿದನೂರು

ಲೆಕ್ಕ ಹಾಕಿ ನೋಡಿದರೆ ನಿಮ್ಮ ಮೊದಲ ಪ್ರಶ್ನೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಕಲ್ಲಿನ ರಂಧ್ರವೊಂದರಲ್ಲಿ 1 ಮಿಲಿಮೀಟರ್ ಉದ್ದದ ತೈಲದ ಹನಿ ಸಿಕ್ಕಿಕೊಂಡಿದ್ದು, ಅದು ಹೊರಬರಬೇಕಾದ ಕಿರುದಾರಿಯ ತ್ರಿಜ್ಯ 10 ಮೈಕ್ರೋಮೀಟರ್ ಎಂದಿಟ್ಟುಕೊಳ್ಳಿ. ಎಳೆತ 25 ಇದ್ದಾಗ ಆ ಹನಿಯನ್ನು ದಾರಿಯೊಳಗೆ ತೂರಿಸಲು ಸುಮಾರು 5,000 ಪಾಸ್ಕಲ್ ಒತ್ತಡ ಬೇಕು. ನುಗ್ಗಿಸಿದ ನೀರಿನ ಒತ್ತಡ ಮೀಟರಿಗೆ 20,000 ಪಾಸ್ಕಲ್‌ನಂತೆ ಇಳಿಯುತ್ತದೆಂದು ಉದಾರವಾಗಿ ಭಾವಿಸಿದರೂ, ಹನಿಯ ಉದ್ದಕ್ಕೆ ದಕ್ಕುವುದು ಕೇವಲ 20 ಪಾಸ್ಕಲ್. ಎಳೆತವನ್ನು 1ಕ್ಕೆ ಇಳಿಸಿದರೆ ಬೇಕಾಗುವ ಒತ್ತಡ 200 ಪಾಸ್ಕಲ್. ಹನಿ ಆಗಲೂ ಕದಲುವುದಿಲ್ಲ. 0.001ಕ್ಕೆ ಇಳಿದಾಗ 0.2 ಪಾಸ್ಕಲ್ ಸಾಕು. ನೀರಿನ ವೇಗವನ್ನೋ ಸ್ನಿಗ್ಧತೆಯನ್ನೋ ಸಾವಿರಾರು ಪಟ್ಟು ಹೆಚ್ಚಿಸುವುದು ಸಾಧ್ಯವಿಲ್ಲದ ಕಾರಣ, ಎಳೆತವನ್ನು ತಗ್ಗಿಸುವುದೊಂದೇ ನಮ್ಮ ಕೈಯಲ್ಲಿರುವ ದಾರಿ.

ಆ ಮಟ್ಟದ ಇಳಿಕೆ ಉಪ್ಪಿನ ಒಂದು ಕಿರಿದಾದ ವ್ಯಾಪ್ತಿಯಲ್ಲಿ ಮಾತ್ರ ಸಿಗುತ್ತದೆ. ಉಪ್ಪು ಕಡಿಮೆಯಾದರೆ ಸರ್ಫ್ಯಾಕ್ಟೆಂಟ್ ನೀರಿನಲ್ಲೇ ಉಳಿಯುತ್ತದೆ, ಹೆಚ್ಚಾದರೆ ತೈಲಕ್ಕೆ ಸೇರಿಹೋಗುತ್ತದೆ. ಎರಡರ ನಡುವೆ ಮೈಕ್ರೋಎಮಲ್ಷನ್ನಿನ, ಅಂದರೆ ತೈಲವೂ ನೀರೂ ಅತಿ ಸೂಕ್ಷ್ಮವಾಗಿ ಬೆರೆತ ದ್ರವದ, ಮೂರನೆಯ ಪದರವೊಂದು ಮೂಡುವಾಗ ಎಳೆತ ಅತ್ಯಂತ ಕಡಿಮೆ ಇರುತ್ತದೆ. ಆದುದರಿಂದ ಒಂದು ಕ್ಷೇತ್ರಕ್ಕೆ ಹೊಂದಿದ ಮಿಶ್ರಣವನ್ನು ಇನ್ನೊಂದಕ್ಕೆ ಹಾಗೆಯೇ ಒಯ್ಯಲಾಗದು.

ಉತ್ತರ: ಭೂವಿಜ್ಞಾನ ಅಧ್ಯಾಪಕಿ, ಕೋಲಾರ

ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ತೂಕದ್ದೆಂದು ನನ್ನ ಅಭಿಪ್ರಾಯ, ಏಕೆಂದರೆ ಯೋಜನೆಯ ಖರ್ಚು ನಿರ್ಧಾರವಾಗುವುದು ಅಲ್ಲಿಯೇ. ಮರಳುಗಲ್ಲಿನ ಮೇಲ್ಮೈ ಸಾಮಾನ್ಯವಾಗಿ ಋಣ ಆವೇಶ ಹೊಂದಿರುವುದರಿಂದ ಸಲ್ಫೋನೇಟ್‌ನಂತಹ ಋಣ ಆವೇಶದ ಸರ್ಫ್ಯಾಕ್ಟೆಂಟ್‌ಗಳು ಅಲ್ಲಿ ಕಡಿಮೆ ಅಂಟುತ್ತವೆ. ಸುಣ್ಣದ ಕಲ್ಲು ಹೆಚ್ಚಾಗಿ ಧನ ಆವೇಶದ್ದಾದ್ದರಿಂದ ಅವನ್ನು ಸೆಳೆದುಕೊಳ್ಳುತ್ತದೆ. ಮರಳುಗಲ್ಲಿನಲ್ಲೂ ಜೇಡಿ ಖನಿಜಗಳಿದ್ದರೆ ನಷ್ಟ ಏರುತ್ತದೆ. ಇದಕ್ಕಾಗಿ ಸೋಡಿಯಂ ಕಾರ್ಬೊನೇಟ್‌ನಂತಹ ಕ್ಷಾರವನ್ನು ಬೆರೆಸುತ್ತಾರೆ. ಅದು ಕಲ್ಲಿನ ಆವೇಶವನ್ನು ಋಣದತ್ತ ತಿರುಗಿಸುವುದಲ್ಲದೆ, ತೈಲದಲ್ಲಿರುವ ಆಮ್ಲಗಳೊಡನೆ ವರ್ತಿಸಿ ಅಲ್ಲಿಯೇ ಸಾಬೂನನ್ನು ಹುಟ್ಟಿಸುತ್ತದೆ. ಹಿಂದಿನಿಂದ ಪಾಲಿಮರ್ (ಉದ್ದ ಸರಪಳಿಯಂತಹ ಅಣುಗಳ ವಸ್ತು) ಬೆರೆಸಿ ಮಂದಗೊಳಿಸಿದ ನೀರನ್ನು ಕಳುಹಿಸದಿದ್ದರೆ, ಬಿಡುಗಡೆಯಾದ ತೈಲವನ್ನು ಬದಿಗಿಟ್ಟು ನೀರು ತನ್ನ ಪಾಡಿಗೆ ಸುಲಭದ ದಾರಿ ಹಿಡಿಯುತ್ತದೆ.

ನಮ್ಮ ಜಿಲ್ಲೆಯ ಕಲ್ಲುಗಳಲ್ಲಿ ತೈಲವಿಲ್ಲದಿದ್ದರೂ ಇಲ್ಲಿನ ಬೋರ್‌ವೆಲ್ ನೀರಿನಲ್ಲಿ ಸಾಬೂನು ನೊರೆಗಟ್ಟದಿರುವುದನ್ನು ನೀವೆಲ್ಲ ಕಂಡಿದ್ದೀರಿ. ತೈಲಕ್ಷೇತ್ರದಲ್ಲೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಹಾಗೆಯೇ ಕ್ಷಾರವನ್ನೂ ಸರ್ಫ್ಯಾಕ್ಟೆಂಟನ್ನೂ ಗಸಿಯಾಗಿಸಿಬಿಡುತ್ತವೆ. ಚೀನಾದ ದಾಚಿಂಗ್ ಕ್ಷೇತ್ರದಲ್ಲಿ ಪ್ರಬಲ ಕ್ಷಾರ ಬಳಸಿದಾಗ ಪಂಪುಗಳಲ್ಲಿ ಗಟ್ಟಿ ಪದರಗಳು ಕಟ್ಟಿಕೊಂಡವು. ನಮ್ಮ ದೇಶದಲ್ಲಿ ಗುಜರಾತಿನ ವಿರಾಜ್ ಕ್ಷೇತ್ರದಲ್ಲಿ 2002ರಲ್ಲಿ ಮತ್ತು ಅನಂತರ ರಾಜಸ್ಥಾನದ ಬಾರ್ಮೇರ್ ಬಳಿಯ ಮಂಗಳಾ ಕ್ಷೇತ್ರದಲ್ಲಿ ಕ್ಷಾರ, ಸರ್ಫ್ಯಾಕ್ಟೆಂಟ್, ಪಾಲಿಮರ್ ಈ ಮೂರರ ಮಿಶ್ರಣದ ಪ್ರಯೋಗಗಳು ನಡೆದಿವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಸರ್, ಆ ಮೂರನೆಯ ಪದರವನ್ನು ನಮ್ಮ ಪ್ರಯೋಗಾಲಯದಲ್ಲಿ ತೋರಿಸಲು ಸಾಧ್ಯವೇ? ಕಚ್ಚಾ ತೈಲ ನಮಗೆ ಸಿಗುವುದಿಲ್ಲ.

ಉತ್ತರ: ನಿವೃತ್ತ ತೈಲಕ್ಷೇತ್ರ ಎಂಜಿನಿಯರ್, ಗೌರಿಬಿದನೂರು

ಖಂಡಿತ ಸಾಧ್ಯವಮ್ಮ. ತೈಲದ ಬದಲು ಟೊಲುಯೀನ್, ಸರ್ಫ್ಯಾಕ್ಟೆಂಟಾಗಿ ಸೋಡಿಯಂ ಡೋಡೆಸೈಲ್ ಸಲ್ಫೇಟ್, ಜೊತೆಗೆ ಸ್ವಲ್ಪ ಬ್ಯೂಟನಾಲ್ ಸಾಕು. ಬಿರಡೆಯಿರುವ ಕೊಳವೆಗಳ ಸಾಲೊಂದರಲ್ಲಿ ಉಪ್ಪಿನ ಪ್ರಮಾಣವನ್ನು ಮಾತ್ರ ಹಂತಹಂತವಾಗಿ ಏರಿಸುತ್ತ ಹೋಗಿ, ಮೆಲ್ಲನೆ ಕಲಕಿ, ಪದರಗಳು ಬೇರ್ಪಡುವವರೆಗೆ ಒಂದೇ ಉಷ್ಣತೆಯಲ್ಲಿ ಇಡಿ. ಮೇಡಂ ಹೇಳಿದ ಕಾರಣಕ್ಕೇ ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕು. ಟೊಲುಯೀನ್ ಬೇಗನೆ ಹೊತ್ತಿಕೊಳ್ಳುವುದರಿಂದ ಹತ್ತಿರದಲ್ಲಿ ಬರ್ನರ್ ಉರಿಯುತ್ತಿರಬಾರದು.