ನಿಯಮ ಬಿಗಿಯಾದರೂ ಕಡಲ ಕೆಸರಿನಲ್ಲಿ ಸೀಸ ಯಾಕೆ ಇಳಿದಿಲ್ಲ?

ಅಲೆಸಾಲು:
ತೀರದ ನೀರಿನಲ್ಲಿರುವ ಭಾರ ಲೋಹಗಳ ಬಗ್ಗೆ ಕಾಲೇಜಿಗೆ ಒಂದು ವರದಿ ಬರೆಯುತ್ತಿದ್ದೇನೆ. ಕಾನೂನು ಬಿಗಿಯಾದರೆ ಲೋಹ ಇಳಿಯಬೇಕು, ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ಆದರೆ ನನಗೆ ಸಿಕ್ಕ ಅಂಕಿಗಳು ಹಾಗೆ ಹೇಳುತ್ತಿಲ್ಲ. ನೀರಿನಲ್ಲಿ ಸೀಸ, ಕ್ಯಾಡ್ಮಿಯಂ ಎರಡೂ ಚೆನ್ನಾಗಿ ಇಳಿದಿವೆ. ತಳದ ಕೆಸರಿನಲ್ಲಿ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ. ತಾಮ್ರವಂತೂ ಏರಿದೆ! ಹಾಗಾದರೆ ನಿಯಮದಿಂದ ಪ್ರಯೋಜನ ಆಗಿಲ್ಲ ಅಂತ ಬರೆಯಬೇಕಾ?

ಕೆಸರುಗೈ:
ದಯವಿಟ್ಟು ಹಾಗೆ ಬರೆಯಬೇಡಿ. ನಾನು ವರ್ಷಗಟ್ಟಲೆ ತಳದ ಕೆಸರನ್ನೇ ಪರೀಕ್ಷೆ ಮಾಡಿದವನು.

ಮೊದಲು ಹೇಳಿ, ನಿಮ್ಮ ಮಾದರಿ ತೆಗೆದದ್ದು ಹೇಗೆ? ನಾವು ಉದ್ದನೆಯ ಪ್ಲಾಸ್ಟಿಕ್ ಕೊಳವೆಯನ್ನು ಕೆಸರಿಗೆ ಒತ್ತಿ, ಹಾಗೇ ಮೇಲೆತ್ತಿ, ಸೆಂಟಿಮೀಟರ್ ಲೆಕ್ಕದಲ್ಲಿ ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತೇವೆ. ಮೇಲೆ ತೆಳ್ಳಗೆ ಕಂದು ಪದರ. ಅದರ ಕೆಳಗೆ ಕಪ್ಪು ಕೆಸರು, ಕೊಯ್ದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಆ ವಾಸನೆ ಗಂಧಕದ್ದು. ಅಲ್ಲಿ ಆಮ್ಲಜನಕ ಇಲ್ಲ, ಸೀಸ, ಕ್ಯಾಡ್ಮಿಯಂ, ತಾಮ್ರ ಎಲ್ಲ ಗಂಧಕಕ್ಕೆ ಅಂಟಿಕೊಂಡು ಕೂತಿರುತ್ತವೆ. ಕರಗುವುದಿಲ್ಲ, ಕೊಳೆಯುವುದಿಲ್ಲ. ಹೂಳೆತ್ತಿದಾಗಲೋ ತಳ ಕೆರೆಯುವ ಬಲೆ ಎಳೆದಾಗಲೋ ಗಾಳಿ ತಾಗಿದರೆ ಒಂದಷ್ಟು ಬಿಟ್ಟುಕೊಂಡು ನೀರಿಗೆ ಬರುತ್ತದೆ.

ಕೆಸರು ಪದರದ ಮೇಲೆ ಪದರವಾಗಿ ಕೂರುತ್ತದೆ, ಹಳೆಯದು ಕೆಳಗೆ, ಹೊಸದು ಮೇಲೆ. ಹಾಗಾಗಿ ಇಪ್ಪತ್ತು ಸೆಂ.ಮೀ. ಕೆಸರು ಬಾಚಿ ಒಟ್ಟಿಗೆ ಕಲಸಿ ಅಳೆದರೆ ನೀವು ಅಳೆಯುತ್ತಿರುವುದು ಈ ವರ್ಷದ್ದಲ್ಲ, ದಶಕಗಳದ್ದು. ಬಿಲ್ಲೆಗಳಲ್ಲಿ ಬೇರೆಬೇರೆಯಾಗಿ ನೋಡಿದಾಗ ಮಧ್ಯದಲ್ಲಿ ಸೀಸ ಏರಿ, ಮೇಲಕ್ಕೆ ಬಂದ ಹಾಗೆ ಇಳಿದಿದ್ದರೆ ನಿಯಮ ಕೆಲಸ ಮಾಡಿದೆ ಅಂತಲೇ ಅರ್ಥ.

ಜಪಾನಿನ ಮಿನಮಾಟ ನೆನಪಿಸಿಕೊಳ್ಳಿ, ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದು ಜನ ಕಾಯಿಲೆ ಬಿದ್ದ ಊರು. 1956ರಲ್ಲಿ ಆ ಕಾಯಿಲೆ ಅಧಿಕೃತವಾಗಿ ಗೊತ್ತಾಯಿತು, ಕಾರ್ಖಾನೆ ಪಾದರಸ ಬಿಡುವುದು ನಿಂತದ್ದು 1968ರಲ್ಲಿ. ಅಲ್ಲಿಗೆ ಮುಗಿಯಲಿಲ್ಲ. ಕೊಲ್ಲಿಯ ಹೂಳೆತ್ತಿ ಮುಗಿಸುವಷ್ಟರಲ್ಲಿ 1990, ಮೀನು ಆಚೆ ಹೋಗದಂತೆ ಕೊಲ್ಲಿಯ ಬಾಯಿಗೆ ಕಟ್ಟಿದ್ದ ಬಲೆ ತೆಗೆದದ್ದು 1997. ಹನ್ನೆರಡು ವರ್ಷ ತಡ ಮಾಡಿದ್ದಕ್ಕೆ ಜನ ಎಷ್ಟು ಕಾಲ ಕಾಯಬೇಕಾಯಿತು ನೋಡಿ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸುಣ್ಣದನೀರು:
ಕೆಸರಿನ ಮಾತು ಸರಿ. ಆದರೆ ನಿಯಮ ಬರೆದ ರೀತಿಯನ್ನೂ ನೋಡಿ. ನಾನು ತ್ಯಾಜ್ಯನೀರು ಶುದ್ಧೀಕರಣದ ಕೆಲಸದಲ್ಲಿದ್ದೆ. ಮಿತಿ ಇದ್ದದ್ದು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಮಾತ್ರ. ಸಾವಿರ ಲೀಟರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದ್ದರೆ ಒಟ್ಟು 2 ಗ್ರಾಂ. ಅದಕ್ಕೆ ಸುಮ್ನೆ ಮೂರು ಸಾವಿರ ಲೀಟರ್ ಒಳ್ಳೆ ನೀರು ಸುರಿದರೆ ಲೀಟರಿಗೆ 0.5 ಆಯಿತು, ಕಾಗದದಲ್ಲಿ ಪಾಸ್. ಕಡಲಿಗೆ ಹೋದದ್ದು ಅದೇ 2 ಗ್ರಾಂ. ದಿನಕ್ಕೆ ಒಟ್ಟು ಎಷ್ಟು ತೂಕ ಬಿಡಬಹುದು ಅಂತಲೂ ಮಿತಿ ಹಾಕಿದರೆ ಈ ದಾರಿ ಮುಚ್ಚುತ್ತದೆ. ನಿಮ್ಮ ವರದಿಯಲ್ಲಿ ಇದು ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಸುಣ್ಣ ಹಾಕಿ ಲೋಹವನ್ನು ತಳಕ್ಕೆ ಇಳಿಸುತ್ತೇವಲ್ಲ, ಒಂದೊಂದು ಲೋಹಕ್ಕೆ ಒಂದೊಂದು ಹದ. ಕ್ರೋಮಿಯಂ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 8ರ ಸುತ್ತ ಚೆನ್ನಾಗಿ ಇಳಿಯುತ್ತದೆ, ಕ್ಯಾಡ್ಮಿಯಂಗೆ 10 ದಾಟಬೇಕು. ಎಲ್ಲಕ್ಕೂ ಒಂದೇ ತೊಟ್ಟಿ, ಒಂದೇ ಹದ ಅಂದರೆ ಯಾವುದೋ ಒಂದು ತಪ್ಪಿಸಿಕೊಳ್ಳುತ್ತದೆ. ಇಳಿದ ಗಸಿಯನ್ನು ಚೀಲಕ್ಕೆ ತುಂಬಿ ಬಯಲಲ್ಲಿ ಪೇರಿಸಿಟ್ಟರೆ ಮಳೆಗಾಲದಲ್ಲಿ ಅದೂ ಕಡಲಿಗೇ.

ದೋಣಿಬಣ್ಣ:
ತಾಮ್ರ ಏರಿದ್ದಕ್ಕೆ ಒಂದು ಕಾರಣ ಹತ್ತಿರದಲ್ಲೇ ಇರಬಹುದು. ಹಡಗಿನ ತಳಕ್ಕೆ ಚಿಪ್ಪು, ಪಾಚಿ ಹತ್ತದಂತೆ ಬಳಿಯುವ ಬಣ್ಣದಲ್ಲಿ ಹಿಂದೆ ತವರದ ವಿಷ ಇರುತ್ತಿತ್ತು, ಟಿಬಿಟಿ ಅಂತ. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಅದರಿಂದ ಸಿಂಪಿಗಳ ಮರಿಗಳೇ ಉಳಿಯದೆ ಹೋದವು. 1982ರಲ್ಲಿ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಆ ಬಣ್ಣ ನಿಲ್ಲಿಸಿದರು, ಕೆಲವೇ ವರ್ಷಗಳಲ್ಲಿ ಮರಿಗಳು ಮತ್ತೆ ಬಂದವು. ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ. ತವರ ಹೋದ ಜಾಗಕ್ಕೆ ತಾಮ್ರದ ಬಣ್ಣ ಬಂತು. ದೋಣಿಗಳು ಒತ್ತೊತ್ತಾಗಿ ನಿಲ್ಲುವ ಕಡೆ ಅದೇ ಜಾಸ್ತಿ ಸಿಗುತ್ತದೆ.

ಗಾಳಿ ಉಳಿಸಲು ಮಾಡಿದ ನಿಯಮದ ಹೊರೆಯೂ ನೀರಿಗೆ ಬೀಳಬಹುದು. 2020ರಿಂದ ಹಡಗಿನ ಇಂಧನದಲ್ಲಿ ಗಂಧಕ 3.5 ಶೇಕಡಾದಿಂದ 0.5ಕ್ಕೆ ಇಳಿಯಬೇಕಾಯಿತು. ಹಳೆಯ ಇಂಧನವನ್ನೇ ಸುಟ್ಟು, ಹೊಗೆಯನ್ನು ಕಡಲ ನೀರಿನಿಂದ ತೊಳೆದರೂ ನಡೆಯುತ್ತದೆ. ತೊಳೆದ ನೀರನ್ನು ಎಷ್ಟೋ ಹಡಗುಗಳು ಅಲ್ಲೇ ಬಿಡುತ್ತವೆ, ಇಂಧನದಲ್ಲಿದ್ದ ವನೇಡಿಯಂ, ನಿಕಲ್ ಲೋಹಗಳ ಸಮೇತ.

ಅಲೆಸಾಲು:
ತುಂಬಾ ಉಪಕಾರವಾಯಿತು. ಈಗ ನೋಡಿದೆ, ನನ್ನ ಮಾದರಿಗಳು ಮೇಲಿನ 15 ಸೆಂ.ಮೀ. ಒಟ್ಟಿಗೆ ಕಲಸಿದವು. ದೋಣಿ ನಿಲ್ಲುವ ಜಾಗ ಯಾವುದು, ತೆರೆದ ತೀರ ಯಾವುದು ಅಂತಲೂ ಬೇರೆ ಮಾಡಿಲ್ಲ. ಮೊದಲು ಅದನ್ನು ಮಾಡುತ್ತೇನೆ.

ಕೆಸರುಗೈ:
ಜೊತೆಗೆ ಮರಳೆಷ್ಟು, ಜೇಡಿ ಎಷ್ಟು ಅಂತಲೂ ನೋಡಿ. ನುಣ್ಣನೆಯ ಜೇಡಿ ಲೋಹವನ್ನು ಜಾಸ್ತಿ ಹಿಡಿಯುತ್ತದೆ. ಅದನ್ನು ಸರಿದೂಗಿಸದೆ ಎರಡು ಜಾಗ ಹೋಲಿಸಿದರೆ ಮತ್ತೆ ದಾರಿ ತಪ್ಪುತ್ತೀರಿ.