ಸಹಾಯ ಬೇಕು: ತಗಡಿಗೂ ಸೀಲಿಂಗಿಗೂ ನಡುವೆ 1 ಅಡಿ ಗಾಳಿ ಇದ್ದರೂ ಮನೆ ಯಾಕೆ ಇಷ್ಟು ಕಾಯುತ್ತದೆ?

ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ನಮ್ಮದು ತಗಡಿನ ಮನೆ, ಕೆಳಗೆ ಪ್ಲೈವುಡ್ ಸೀಲಿಂಗ್, ನಡುವೆ 1 ಅಡಿ ಖಾಲಿ ಜಾಗ. ಮಧ್ಯಾಹ್ನ ಒಳಗೆ ಕೂರಲಾಗದೆ ಅವ್ವ ಬೇವಿನ ಗಿಡದ ಕೆಳಗೆ ಹೋಗುತ್ತಾಳೆ, ನೋಡೋಕೆ ಆಗ್ತಿಲ್ಲ.

ತಗಡಿನ ಮೇಲೆ ಗೋಣಿಚೀಲ ಹಾಸಿ ನೀರು ಹೊಡೆದೆ. ಒಂದು ತಾಸು ತಂಪು, ಆಮೇಲೆ ಅದೇ ಕಾವು. ದಿನಾ ಹೊಡೆಯೋಕೆ ಅಷ್ಟು ನೀರೂ ಇಲ್ಲ.

ಈಗ ಲೆಕ್ಕದಲ್ಲಿ ಸಿಕ್ಕಿಬಿದ್ದಿದ್ದೇನೆ. ಗಾಳಿಯ ಉಷ್ಣ ವಾಹಕತೆ (ಶಾಖ ಎಷ್ಟು ಸುಲಭವಾಗಿ ಹಾಯುತ್ತದೆ ಅನ್ನೋ ಅಳತೆ) ಸುಮಾರು 0.026 W/mK, ಥರ್ಮಾಕೋಲ್‌ನದು 0.035ರ ಆಸುಪಾಸು, ಅಂದ್ರೆ ಸುಮ್ನೆ ಇರೋ ಗಾಳಿಯೇ ಒಳ್ಳೆಯ ತಡೆ, ಅಲ್ವಾ? ತಗಡು 65 ಡಿಗ್ರಿ, ಸೀಲಿಂಗ್ 40 ಅಂತ ಹಿಡಿದರೆ ಕಂಡಕ್ಷನ್‌ನಿಂದ (ನಿಂತ ಗಾಳಿಯ ಮೂಲಕ ಶಾಖ ಹಾಯೋದು) ಚದರ ಮೀಟರಿಗೆ ಬರೀ 2 ವ್ಯಾಟ್ ಬರುತ್ತದೆ. ಬಿಸಿ ಗಾಳಿ ಮೇಲೇ ನಿಲ್ಲುತ್ತದೆ ಅಂತ ಕನ್ವೆಕ್ಷನ್ (ಗಾಳಿ ಓಡಾಡಿ ಶಾಖ ಒಯ್ಯೋದು) ಲೆಕ್ಕದಿಂದ ಬಿಟ್ಟೆ. ಆದರೆ ಎರಡೂ ಮೇಲ್ಮೈ ಪೂರ್ತಿ ಕಪ್ಪು (ಬಿದ್ದ ಕಿರಣವನ್ನೆಲ್ಲ ಹೀರುವಂಥವು) ಅಂದುಕೊಂಡು, ಬಿಸಿ ಮೇಲ್ಮೈ ಎಷ್ಟು ಶಾಖ ಸೂಸುತ್ತದೆ ಅಂತ ಹೇಳುವ ಸ್ಟೀಫನ್-ಬೋಲ್ಟ್ಸ್‌ಮನ್ ಸೂತ್ರ ಹಾಕಿದರೆ ರೇಡಿಯೇಶನ್ (ಕಿರಣವಾಗಿ ಬರುವ ಶಾಖ) ಒಂದೇ ಚದರ ಮೀಟರಿಗೆ 196 ವ್ಯಾಟ್! ಉಷ್ಣಾಂಶ ಕೆಲ್ವಿನ್‌ನಲ್ಲೇ ಹಾಕಿದ್ದೇನೆ, ಮೂರು ಸಲ ನೋಡಿದೆ. ತಗಡು ತುಕ್ಕು ಹಿಡಿದು ಹೊಳಪು ಹೋಗಿದೆ, ಹಾಗಾಗಿ ನಿಜವಾದ ಅಂಕಿ ಇದಕ್ಕಿಂತ ತೀರಾ ಕಡಿಮೆ ಇರಲಿಕ್ಕಿಲ್ಲ ಅನಿಸುತ್ತದೆ.

ನನಗೆ ತಿಳಿಯಬೇಕಾದದ್ದು ಎರಡು. ಒಂದೇ ಖಾಲಿ ಜಾಗದಲ್ಲಿ ಕಂಡಕ್ಷನ್, ರೇಡಿಯೇಶನ್ ಎರಡನ್ನೂ ನೇರವಾಗಿ ಕೂಡಿಸಬಹುದಾ? ಕೂಡಿಸಬಹುದು ಅಂದ್ರೆ, ಇರೋ ದುಡ್ಡಲ್ಲಿ ಥರ್ಮಾಕೋಲ್ ಬಿಟ್ಟು ರೇಡಿಯೇಶನ್ ತಡೆಯೋಕೆ ಅಲ್ಯೂಮಿನಿಯಂ ಫಾಯಿಲ್ ಹಾಕಿದರೆ ಸಾಕಾ, ಅದನ್ನು ತಗಡಿನ ಕೆಳಗೆ ಹೊಳಪು ಕೆಳಮುಖವಾಗಿ ಕಟ್ಟಬೇಕಾ ಅಥವಾ ಸೀಲಿಂಗ್ ಮೇಲೆ ಹೊಳಪು ಮೇಲ್ಮುಖವಾಗಿ ಹಾಸಬೇಕಾ?