ಒಂದೇ ಇಮೇಜಿನಿಂದ ಐದು ಕಂಪ್ಯೂಟರ್: ಲೈಸೆನ್ಸ್ ಯಾಕೆ ಬರಲಿಲ್ಲ?

ಪ್ರಶ್ನೆ: ಸರ್, ನಮಸ್ಕಾರ. ಕಚೇರಿಯ ಒಂದು ಕಂಪ್ಯೂಟರಿಗೆ ವಿಂಡೋಸ್ 11 ಪ್ರೊ, ಒಂದು ಡಿಸೈನ್ ಸಾಫ್ಟ್‌ವೇರ್, ಆ್ಯಂಟಿವೈರಸ್ ಎಲ್ಲ ಹಾಕಿ, ಕ್ಲೋನ್‌ಜಿಲ್ಲಾ ಅನ್ನೋ ಡಿಸ್ಕ್ ನಕಲು ಪ್ರೋಗ್ರಾಂನಲ್ಲಿ ಇಮೇಜ್ (ಇಡೀ ಡಿಸ್ಕಿನ ಪ್ರತಿ) ತೆಗೆದು ಇನ್ನೂ ಐದಕ್ಕೆ ಇಳಿಸಿದೆ. ಅದರಲ್ಲಿ ನಾಲ್ಕು ಹೊಸವು, ಒಂದು ಹಳೆಯದು. ಹಳೆಯದು ತಾನಾಗಿಯೇ ಆಕ್ಟಿವೇಟ್ ಆಯಿತು. ಹೊಸ ನಾಲ್ಕರಲ್ಲಿ ‘ವಿಂಡೋಸ್ ಆಕ್ಟಿವೇಟ್ ಮಾಡಿ’ ಅನ್ನೋ ಬರಹ ಮೂಲೆಯಲ್ಲೇ ಕೂತಿದೆ. ಡಿಸೈನ್ ಸಾಫ್ಟ್‌ವೇರ್ ಐದರಲ್ಲೂ ಲೈಸೆನ್ಸ್ ಅಮಾನ್ಯ ಅನ್ನುತ್ತದೆ. ಇಮೇಜ್ ಒಂದೇ ಅಲ್ಲವೇ, ಒಂದೊಂದರಲ್ಲಿ ಒಂದೊಂದು ಥರ ಯಾಕೆ?

ಉತ್ತರ: ಇಮೇಜಿನಲ್ಲಿ ಹೋಗುವುದು ಫೈಲುಗಳು ಮಾತ್ರ. ವಿಂಡೋಸಿನ ಡಿಜಿಟಲ್ ಲೈಸೆನ್ಸ್ ಇರುವುದು ಮೈಕ್ರೋಸಾಫ್ಟ್ ಸರ್ವರಿನಲ್ಲಿ, ಆ ಕಂಪ್ಯೂಟರಿನ ಹಾರ್ಡ್‌ವೇರ್ ಗುರುತಿನ ಜೊತೆ, ಮುಖ್ಯವಾಗಿ ಮದರ್‌ಬೋರ್ಡಿನ ಜೊತೆ. ಕ್ಲೋನ್ ಆದ ವಿಂಡೋಸ್ ಇಂಟರ್ನೆಟ್‌ಗೆ ಬಂದ ಕೂಡಲೇ ಬೇರೆ ಬೋರ್ಡ್ ಕಾಣುತ್ತದೆ, ಮೂಲದ ಲೈಸೆನ್ಸ್ ಅಲ್ಲಿ ಹೊಂದುವುದಿಲ್ಲ.

ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಮೊದಲೇ ಪ್ರೊ ಆಕ್ಟಿವೇಟ್ ಆಗಿದ್ದಿರಬೇಕು. ಹಾಗಿದ್ದರೆ ಅದು ಎದ್ದದ್ದು ತನ್ನದೇ ಲೈಸೆನ್ಸಿನಿಂದ, ನಿಮ್ಮ ಇಮೇಜಿನಿಂದಲ್ಲ.

ಹೊಸವು ಹೋಮ್ ಆವೃತ್ತಿಯೊಂದಿಗೆ ಬಂದವೇ, ನೋಡಿ. ವಿಂಡೋಸ್ 8ರ ಕಾಲದಿಂದ ತಯಾರಕರು ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ (ಬೋರ್ಡಿನ ಚಿಪ್ಪಿನಲ್ಲಿ ಕೂತ ಸಾಫ್ಟ್‌ವೇರ್) ಬರೆದು ಕೊಡುತ್ತಾರೆ. ಅಲ್ಲಿರುವುದು ಹೋಮ್ ಕೀ, ನೀವು ಇಳಿಸಿದ್ದು ಪ್ರೊ ಆದರೆ ಎರಡೂ ಕೂಡುವುದಿಲ್ಲ. ಮೂಲ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಎಸ್ಎಲ್ಎಂಜಿಆರ್’ (slmgr) ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ (/) ಹಾಕಿ ‘ಡಿಎಲ್ಐ’ (dli) ಎಂದು ಸೇರಿಸಿ ಎಂಟರ್ ಒತ್ತಿ. ಚಿಕ್ಕ ಕಿಟಕಿ ಬರುತ್ತದೆ. ಅದರ ವಿವರಣೆಯ ಸಾಲಿನಲ್ಲಿ ಓಇಎಂ ಚಾನೆಲ್ (ಕಂಪ್ಯೂಟರಿನ ಜೊತೆಗೇ ಬಂದ ಲೈಸೆನ್ಸ್), ರೀಟೇಲ್ ಚಾನೆಲ್ (ಬೇರೆಯಾಗಿ ಕೊಂಡದ್ದು), ವಾಲ್ಯೂಮ್ (ಸಂಸ್ಥೆಗಳು ಒಟ್ಟಾಗಿ ಕೊಳ್ಳುವುದು) ಇವುಗಳಲ್ಲಿ ಯಾವುದು ಇದೆ ಅಂತ ಹೇಳಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಡಿಸೈನ್ ಸಾಫ್ಟ್‌ವೇರ್ ಕಥೆ ಬೇರೆ. ಇಂಥವು ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸವನ್ನೋ ಡಿಸ್ಕಿನ ಸೀರಿಯಲ್ ನಂಬರನ್ನೋ ಲೈಸೆನ್ಸ್ ಫೈಲಿಗೆ ಕಟ್ಟಿಹಾಕುತ್ತವೆ. ಫೈಲ್ ಬಂತು, ನಂಬರ್ ಬದಲಾಯಿತು, ಅಷ್ಟೇ. ಇಮೇಜ್ ತೆಗೆಯುವ ಮೊದಲು ಸಾಫ್ಟ್‌ವೇರನ್ನು ಇನ್‌ಸ್ಟಾಲ್ ಮಾತ್ರ ಮಾಡಿ ಬಿಡಬೇಕು. ಆಕ್ಟಿವೇಟ್ ಮಾಡುವುದು ಪ್ರತಿಯೊಂದರಲ್ಲೂ ಆಮೇಲೆ, ಅದರದೇ ಲೈಸೆನ್ಸಿನಿಂದ. ಲಾಗಿನ್ ಮೇಲೆ ನಡೆಯುವುದಾದರೆ ಲಾಗೌಟ್ ಆಗಿ ಇಮೇಜ್ ತೆಗೆಯಿರಿ. ಆ್ಯಂಟಿವೈರಸ್ಸನ್ನೂ ಇಮೇಜಿನಿಂದ ಹೊರಗಿಡುವುದೇ ಲೇಸು. ಅದರ ಗುರುತಿನ ಸಂಖ್ಯೆ ನಕಲಾದರೆ ನಿರ್ವಹಣೆಯ ಪರದೆಯಲ್ಲಿ ಆರು ಕಂಪ್ಯೂಟರೂ ಒಂದೇ ಹೆಸರಲ್ಲಿ ಕಾಣಬಹುದು. ಆಗ ವೈರಸ್ ಸಿಕ್ಕಿದ್ದು ಯಾವುದರಲ್ಲಿ ಅನ್ನುವುದೇ ಗೊತ್ತಾಗುವುದಿಲ್ಲ.

ಪ್ರಶ್ನೆ: ನೋಡಿದೆ ಸರ್. ಮೂಲದಲ್ಲಿ ರೀಟೇಲ್ ಅಂತ ಇದೆ. ಹೊಸವುಗಳ ಬಿಲ್ಲಿನಲ್ಲಿ ಹೋಮ್ ಅಂತಲೇ ಇದೆ. ಇಮೇಜ್ ತೆಗೆಯುವ ಮೊದಲು ವಿಂಡೋಸಿನದೇ ಸಿಸ್‌ಪ್ರೆಪ್ ಓಡಿಸಿ ಇನ್ನೊಮ್ಮೆ ಇಳಿಸಿದರೆ ಸರಿಹೋಗುತ್ತದಾ? ಒಬ್ಬರು ಲೈಸೆನ್ಸ್ ಇಲ್ಲದೆಯೇ ಆಕ್ಟಿವೇಟ್ ಮಾಡುವ ಆಕ್ಟಿವೇಟರ್ ಫೈಲ್ ಕಳಿಸಿದ್ದಾರೆ.

ಉತ್ತರ: ಆ ಫೈಲನ್ನು ಈಗಲೇ ಅಳಿಸಿ, ದಯವಿಟ್ಟು. ಅದು ಅಡ್ಮಿನ್ ಅನುಮತಿ ಕೇಳುತ್ತದೆ, ಆ್ಯಂಟಿವೈರಸ್ ಬಂದ್ ಮಾಡಿ ಅನ್ನುತ್ತದೆ. ಒಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ನಿಮ್ಮ ಗ್ರಾಹಕರ ದಾಖಲೆಗಳಿರುವ ಕಂಪ್ಯೂಟರುಗಳವು.

ಸಿಸ್‌ಪ್ರೆಪ್ ಒಳ್ಳೆಯದೇ. ಕಂಪ್ಯೂಟರಿನ ಎಸ್‌ಐಡಿ (ವಿಂಡೋಸ್ ಕೊಡುವ ಭದ್ರತಾ ಗುರುತು), ಕೆಎಂಎಸ್ ಎಣಿಕೆಯ ಗುರುತು ಇವನ್ನು ಅಳಿಸಿ ಪ್ರತಿಯೊಂದಕ್ಕೂ ಹೊಸದು ಹುಟ್ಟುವಂತೆ ಮಾಡುತ್ತದೆ. ವಾಲ್ಯೂಮ್ ಲೈಸೆನ್ಸಿನ ಕೆಎಂಎಸ್ ಸರ್ವರ್ (ಸಂಸ್ಥೆಯೊಳಗೇ ಕಂಪ್ಯೂಟರುಗಳನ್ನು ಆಕ್ಟಿವೇಟ್ ಮಾಡುವ ಸರ್ವರ್) ಇರುವಲ್ಲಿ ಅದು ಬೇಕೇ ಬೇಕು. ಆ ಸರ್ವರ್ ಕನಿಷ್ಠ 25 ಬೇರೆಬೇರೆ ಕಂಪ್ಯೂಟರ್ ಕಂಡ ಮೇಲಷ್ಟೇ ವಿಂಡೋಸ್ ಕಂಪ್ಯೂಟರುಗಳನ್ನು ಆಕ್ಟಿವೇಟ್ ಮಾಡುತ್ತದೆ. ಸಿಸ್‌ಪ್ರೆಪ್ ಇಲ್ಲದೆ ಕ್ಲೋನ್ ಮಾಡಿದರೆ ಎಲ್ಲದರ ಆ ಎಣಿಕೆಯ ಗುರುತೂ ಒಂದೇ ಆಗಿ ಎಣಿಕೆ ಮೇಲೇಳುವುದೇ ಇಲ್ಲ. ಆದರೆ ಇಲ್ಲದ ಲೈಸೆನ್ಸನ್ನು ಸಿಸ್‌ಪ್ರೆಪ್ ತಂದುಕೊಡುವುದಿಲ್ಲ. ರೀಟೇಲ್ ಕೀ ಒಂದು ಹೊತ್ತಿಗೆ ಒಂದು ಕಂಪ್ಯೂಟರಿಗೆ. ಅದನ್ನೇ ಹೊಸ ನಾಲ್ಕರಲ್ಲೂ ಹಾಕುತ್ತಾ ಹೋಗಬೇಡಿ, ಮಿತಿ ಮೀರಿದ ಕೀ ಎಂದು ಸರ್ವರ್ ತಿರಸ್ಕರಿಸುತ್ತದೆ.

ಇನ್ನೊಂದು ಮಾತು. ಆಕ್ಟಿವೇಟ್ ಆಯಿತು ಅಂದಮಾತ್ರಕ್ಕೆ ಕರಾರಿನ ಪ್ರಕಾರ ಸರಿ ಅಂತಲ್ಲ. ಓಇಎಂ ಕಂಪ್ಯೂಟರುಗಳಿಗೆ ಒಂದೇ ಇಮೇಜ್ ಹಂಚುವ ಹಕ್ಕು ವಾಲ್ಯೂಮ್ ಲೈಸೆನ್ಸಿನ ಜೊತೆ ಬರುವಂಥದ್ದು. ಇಮೇಜನ್ನು ವಾಲ್ಯೂಮ್ ಲೈಸೆನ್ಸಿನದೇ ಇನ್‌ಸ್ಟಾಲೇಶನ್ ಮೀಡಿಯಾದಿಂದ ಮಾಡಿರಬೇಕು, ಆವೃತ್ತಿಯೂ ಒಂದೇ ಇರಬೇಕು. ಹೋಮ್ ಕಂಪ್ಯೂಟರಿಗೆ ಪ್ರೊ ಇಮೇಜ್ ಅದರಲ್ಲಿ ಬರುವುದಿಲ್ಲ.

ನಾಲ್ಕೇ ಕಂಪ್ಯೂಟರಿಗೆ ನಾನಾಗಿದ್ದರೆ ಕ್ಲೋನ್ ಮಾಡುವುದಿಲ್ಲ. ಮೈಕ್ರೋಸಾಫ್ಟಿನ ಇನ್‌ಸ್ಟಾಲೇಶನ್ ಯುಎಸ್‌ಬಿಯಿಂದ ಹೊಸದಾಗಿ ಹಾಕಿ. ಅದು ಫರ್ಮ್‌ವೇರ್‌ನ ಕೀ ಓದಿ ಹೋಮ್ ಅನ್ನೇ ಹಾಕುತ್ತದೆ, ಇಂಟರ್ನೆಟ್‌ಗೆ ಬಂದಾಗ ಆಕ್ಟಿವೇಟ್ ಆಗುತ್ತದೆ. ಪ್ರೊ ಬೇಕಾದ ಕಡೆ ಸೆಟ್ಟಿಂಗ್ಸಿನಿಂದ ಅಪ್‌ಗ್ರೇಡ್ ಕೊಳ್ಳಿ. ಪ್ರೋಗ್ರಾಂಗಳನ್ನು ಒಂದೊಂದಾಗಿ ಹಾಕುವ ಬೇಸರಕ್ಕೆ ವಿನ್‌ಗೆಟ್ (ಕಮಾಂಡಿನಿಂದ ಪ್ರೋಗ್ರಾಂ ಹಾಕುವ ಮೈಕ್ರೋಸಾಫ್ಟ್ ಸಾಧನ) ಇದೆ: ಮೂಲದಿಂದ ಪಟ್ಟಿ ಎಕ್ಸ್‌ಪೋರ್ಟ್ ಮಾಡಿ ಉಳಿದವುಗಳಲ್ಲಿ ಇಂಪೋರ್ಟ್ ಮಾಡಿದರೆ ಅದರ ಭಂಡಾರದಲ್ಲಿರುವುದೆಲ್ಲ ಬಂದುಬಿಡುತ್ತದೆ.

ಪ್ರಶ್ನೆ (ಇನ್ನೊಬ್ಬರು): ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋಯಿತು. ಡಿಸ್ಕನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿದರೆ ನೀಲಿ ಪರದೆ ಬಂದು 48 ಅಂಕಿಗಳ ಕೀ ಕೇಳುತ್ತಿದೆ. ಇದೂ ಲೈಸೆನ್ಸ್ ತೊಂದರೆಯೇ?

ಉತ್ತರ: ಅಲ್ಲ, ಅದು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ಡಿಸ್ಕ್ ತೆರೆಯುವ ಕೀ ಹಳೆಯ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿನಲ್ಲಿತ್ತು. ಲ್ಯಾಪ್‌ಟಾಪಿಗೆ ಲಾಗಿನ್ ಆಗಿದ್ದ ಮೈಕ್ರೋಸಾಫ್ಟ್ ಖಾತೆಯಲ್ಲಿ ರಿಕವರಿ ಕೀ ಹುಡುಕಿ. ಪರದೆಯಲ್ಲಿರುವ ಕೀ ಐಡಿಗೂ ಖಾತೆಯಲ್ಲಿರುವುದಕ್ಕೂ ತಾಳೆ ನೋಡಿ. ಅದು ಸಿಗುವ ತನಕ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ, ಯಾರು ಹೇಳಿದರೂ. ವಿಂಡೋಸ್ ಲೈಸೆನ್ಸ್ ಲ್ಯಾಪ್‌ಟಾಪಿನ ಜೊತೆ ಬಂದ ಓಇಎಂ ಆಗಿದ್ದರೆ ಆ ಬೋರ್ಡಿನ ಜೊತೆಗೇ ಮುಗಿಯಿತು. ಬೇರೆಯಾಗಿ ಕೊಂಡ ರೀಟೇಲ್ ಆಗಿದ್ದು ಖಾತೆಗೆ ಜೋಡಿಸಿದ್ದರೆ, ಡಿಸ್ಕ್ ತೆರೆದ ಮೇಲೆ ಆಕ್ಟಿವೇಶನ್ ಟ್ರಬಲ್‌ಶೂಟರಿನಲ್ಲಿ ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ’ ಅನ್ನುವುದನ್ನು ಆರಿಸಿ. ಮೊದಲು ಕೀ ಹುಡುಕಿ, ಸಿಕ್ಕ ಮೇಲೆ ಇಲ್ಲೇ ಬರೆಯಿರಿ.